ಬಿಲ್ಲಿನ ಹೆದೆಯಿಂದ ಅಂಗಿಯ ಜೇಬಿಗೆ: 'ಸೈನ್' ಬಂದ ದಾರಿ

ವೃತ್ತದ ಪಾಠದಲ್ಲಿ 'ಜ್ಯಾ' ಓದುತ್ತೇವೆ. ತ್ರಿಕೋನಮಿತಿಯಲ್ಲಿ 'ಸೈನ್' ಓದುತ್ತೇವೆ. ಎರಡಕ್ಕೂ ನಂಟಿದೆ ಅಂತ ನನಗೆ ಶಾಲೆಯಲ್ಲಿ ಯಾರೂ ಹೇಳಿರಲಿಲ್ಲ. ಗೊತ್ತಾದ ದಿನ ತುಂಬಾ ಖುಷಿಯಾಗಿತ್ತು.

ಜ್ಯಾ ಅಂದರೆ ಬಿಲ್ಲಿನ ಹೆದೆ. ಒಂದು ಕಂಸ ಬರೆದು, ಅದರ ಎರಡು ತುದಿಗಳನ್ನು ಗೆರೆಯಿಂದ ಸೇರಿಸಿ ನೋಡಿ. ಬಾಗಿದ್ದು ಬಿಲ್ಲು, ನೇರವಾಗಿರುವುದು ಹೆದೆ. ಹೆದೆಯ ನಡುವಿನಿಂದ ಬಿಲ್ಲಿನ ನಡುವಿಗೆ ಗೆರೆ ಎಳೆದರೆ ಅದು ಬಾಣ. ಹಳೆಯ ಗಣಿತದಲ್ಲಿ ಅದರ ಹೆಸರೂ 'ಶರ'ವೇ! ಗ್ರೀಕರು ಪೂರ್ತಿ ಹೆದೆಯನ್ನೇ ಲೆಕ್ಕಕ್ಕೆ ಹಿಡಿದಿದ್ದರು. ನಮ್ಮವರು ಅದನ್ನು ಅರ್ಧ ಮಾಡಿ 'ಅರ್ಧಜ್ಯಾ' ಅಂದರು. ಹಾಗೆ ಮಾಡಿದರೆ ಲಂಬಕೋನ ತ್ರಿಭುಜ ತಾನಾಗಿ ಸಿಗುತ್ತದೆ. ಬರಬರುತ್ತಾ 'ಅರ್ಧ' ಬಿದ್ದುಹೋಗಿ ಬರೀ ಜ್ಯಾ ಉಳಿಯಿತು.

ಆರ್ಯಭಟ 499ರ ಸುಮಾರಿಗೆ 24 ಜ್ಯಾಗಳ ಕೋಷ್ಟಕವನ್ನು ಒಂದೇ ಶ್ಲೋಕದಲ್ಲಿ ಕೊಟ್ಟ. ಅದು 'ಮಖಿ, ಭಖಿ, ಫಖಿ' ಅಂತ ಶುರುವಾಗುತ್ತದೆ. ಕೇಳಲು ಮಂತ್ರದ ಹಾಗಿದ್ದರೂ ಎಲ್ಲವೂ ಅಂಕಿಗಳೇ. 'ಕ'ದಿಂದ ಬೆರಳು ಮಡಚುತ್ತಾ ಎಣಿಸಿ, 'ಮ' 25ನೆಯದು. 'ಖ' ಎರಡನೆಯದು, ಅದಕ್ಕೆ 'ಇ' ಸೇರಿದರೆ ನೂರು ಪಟ್ಟು, ಅಂದರೆ 200. ಹಾಗಾಗಿ ಮಖಿ ಅಂದರೆ 225. ಅದು ಮೊದಲ ಜ್ಯಾ. ಭಖಿ 224. ಎರಡನ್ನೂ ಕೂಡಿಸಿದರೆ ಎರಡನೆಯ ಜ್ಯಾ, 449. ನಾವು ಒಂದನೇ ಕ್ಲಾಸಿನಲ್ಲಿ ತಿದ್ದಿದ ಕಾಗುಣಿತದಲ್ಲೇ ಇಷ್ಟೆಲ್ಲ ಹಿಡಿಸಿದ್ದಾನೆ, ನೋಡಿ.

ಜ್ಯಾಗೆ 'ಜೀವಾ' ಅಂತ ಇನ್ನೊಂದು ಹೆಸರೂ ಇತ್ತು. ಅರಬ್ಬರು ಅದನ್ನು 'ಜೀಬ' ಅಂತ ಬರೆದುಕೊಂಡರು. ಅರಬ್ಬಿಯಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಆ ಪದಕ್ಕೆ ಅಲ್ಲಿ ಅರ್ಥವೂ ಇರಲಿಲ್ಲ. ಹಾಗಾಗಿ ಅದೇ ಅಕ್ಷರಗಳನ್ನು ತಮಗೆ ಗೊತ್ತಿದ್ದ 'ಜೈಬ್' ಅಂತ ಓದಿದರು. ಜೈಬ್ ಅಂದರೆ ಉಡುಪಿನ ಎದೆಯ ಹತ್ತಿರದ ಮಡಿಕೆ. 12ನೇ ಶತಮಾನದಲ್ಲಿ ಅನುವಾದಕರು ಲ್ಯಾಟಿನ್‌ನಲ್ಲಿ ಮಡಿಕೆಗಿರುವ 'ಸೈನಸ್' ಪದವನ್ನು ಅಲ್ಲಿಟ್ಟರು. ಸೈನ್ ಹುಟ್ಟಿದ್ದು ಹೀಗೆ. ನೆಗಡಿಯಾದಾಗ ಕಾಡುವ ಸೈನಸ್ ಕೂಡ ಅದೇ ಪದ. ಇನ್ನು ಆ ಜೈಬ್? ಪರ್ಷಿಯನ್, ಹಿಂದುಸ್ತಾನಿ ದಾಟಿಕೊಂಡು ಕನ್ನಡಕ್ಕೂ ಬಂದು, ನಮ್ಮ ಅಂಗಿಯ 'ಜೇಬು' ಆಯಿತು.

ಕೊಸೈನ್‌ಗೆ ನಮ್ಮ ಹಳೆಯ ಗಣಿತದಲ್ಲಿ 'ಕೋಜ್ಯಾ' ಅನ್ನುತ್ತಿದ್ದರು. 'ಕೋಜ್ಯಾ' ಮತ್ತು 'ಕೊಸೈನ್' ಕೇಳಿದರೆ ಒಂದೇ ಅನಿಸುತ್ತದೆ, ಅಲ್ವಾ? ಆದರೆ ಕೋಜ್ಯಾದ 'ಕೋ' ಬಂದದ್ದು 'ಕೋಟಿ'ಯಿಂದ, ಅಂದರೆ ಬಿಲ್ಲಿನ ತುದಿ. ಕೊಸೈನ್‌ನ 'ಕೊ' ಲ್ಯಾಟಿನ್‌ನದು, ಪೂರಕ ಕೋನದ ಸೈನ್ ಅಂತ ಅರ್ಥ. 1620ರಲ್ಲಿ ಇಂಗ್ಲೆಂಡಿನ ಎಡ್ಮಂಡ್ ಗಂಟರ್ ಅದನ್ನು ಹಾಗೆ ಚಿಕ್ಕದು ಮಾಡಿದ.

ತ್ರಿಕೋನಮಿತಿಯಲ್ಲಿ ಸೈನ್ ಜೊತೆಗೆ ಬರುವ ಇನ್ನೆರಡು ಹೆಸರುಗಳೂ ಲ್ಯಾಟಿನ್‌ನವೇ: ಟ್ಯಾಂಜೆಂಟ್ ಅಂದರೆ ಮುಟ್ಟುವುದು, ಸೀಕೆಂಟ್ ಅಂದರೆ ಕತ್ತರಿಸುವುದು. ಎರಡೂ 1583ರಲ್ಲಿ ಡೆನ್ಮಾರ್ಕಿನ ಥಾಮಸ್ ಫಿಂಕೆ ಕೊಟ್ಟ ಹೆಸರುಗಳು. ಅರಬ್ಬರಿಗೆ ಟ್ಯಾಂಜೆಂಟ್ ಅಂದರೆ 'ನೆರಳು'. ನೆಟ್ಟ ಕೋಲಿನ ನೆರಳನ್ನು ಅಳೆದು ಅವರು ಸೂರ್ಯ ಎಷ್ಟು ಎತ್ತರಕ್ಕೆ ಬಂದಿದ್ದಾನೆ ಅಂತ ಲೆಕ್ಕ ಹಾಕುತ್ತಿದ್ದರು.