ಮಾತ್ರೆ ಎಣಿಸುವವರ ಕೈಗೆ ಸಿರಿಂಜ್ ಬಂದಿದ್ದು ಹೇಗೆ

ಅಮೆರಿಕದಲ್ಲಿ ಫ್ಲೂ ಲಸಿಕೆಗೆ ಡಾಕ್ಟರ ಬಳಿಯೇ ಹೋಗಬೇಕೆಂದಿಲ್ಲ, ಔಷಧಿ ಅಂಗಡಿಯಲ್ಲೇ ಹಾಕಿಸಿಕೊಳ್ಳಬಹುದು. ಅಲ್ಲಿ ಸೂಜಿ ಚುಚ್ಚುವವರು ಎಷ್ಟೋ ಸಲ ಫಾರ್ಮಸಿಸ್ಟ್ ಕೂಡ ಅಲ್ಲ, ಫಾರ್ಮಸಿ ಟೆಕ್ನಿಷಿಯನ್. ಅಂದರೆ ಮಾತ್ರೆ ಎಣಿಸುವ, ಡಬ್ಬಿಗೆ ಲೇಬಲ್ ಅಂಟಿಸುವ, ಇನ್ಶೂರೆನ್ಸ್ ಕಂಪನಿಯ ಜೊತೆ ಫೋನಿನಲ್ಲಿ ಗುದ್ದಾಡುವ ಸಹಾಯಕರು. ಇವರ ಕೈಗೆ ಸಿರಿಂಜ್ ಕೊಡುವ ಮಾತು ಬಂದಾಗ ತಕರಾರು ಎದ್ದಿದ್ದು ಸಹಜ. ತಮಾಷೆ ಏನೆಂದರೆ, ಅದೇ ತಕರಾರನ್ನು ಹಿಂದೆ ಫಾರ್ಮಸಿಸ್ಟರೂ ಎದುರಿಸಿದ್ದರು.

1994ರಲ್ಲಿ ವಾಷಿಂಗ್ಟನ್ ರಾಜ್ಯದ ಸಿಯಾಟಲ್‌ನಲ್ಲಿ ಫಾರ್ಮಸಿಸ್ಟರಿಗೆ ಲಸಿಕೆ ಹಾಕುವ ಮೊದಲ ವ್ಯವಸ್ಥಿತ ತರಬೇತಿ ನಡೆಯಿತು. 1996ರಲ್ಲಿ ಅಮೆರಿಕನ್ ಫಾರ್ಮಸಿಸ್ಟ್ಸ್ ಅಸೋಸಿಯೇಷನ್ ದೇಶಕ್ಕೆಲ್ಲ ಅನ್ವಯಿಸುವ ಸರ್ಟಿಫಿಕೇಟ್ ಕೋರ್ಸ್ ಶುರುಮಾಡಿತು. ರೋಗಿಯ ಹಳೆಯ ದಾಖಲೆ ಅಂಗಡಿಯಲ್ಲಿ ಇರಲ್ಲ, ಅಲರ್ಜಿ ಆದರೆ ಯಾರು ನೋಡ್ತಾರೆ ಎಂಬ ಪ್ರಶ್ನೆಗಳು ಆಗಲೂ ಇದ್ದವು. ಒಂದೊಂದೇ ರಾಜ್ಯ ಒಪ್ಪುತ್ತಾ ಬಂದು, 50 ರಾಜ್ಯಗಳೂ ಒಪ್ಪುವಷ್ಟರಲ್ಲಿ 2009 ಆಗಿತ್ತು.

ಅಷ್ಟರಲ್ಲಿ ಹೊಸ ತಲೆನೋವು. ಫ್ಲೂ ಸೀಸನ್ ಬಂತೆಂದರೆ ಫಾರ್ಮಸಿಸ್ಟ್ ದಿನವಿಡೀ ಕೌಂಟರಿಗೂ ಲಸಿಕೆ ಕೋಣೆಗೂ ಓಡಾಡಬೇಕು. ಆಗ ಕೆಲವರಿಗೆ ಹೊಳೆದಿದ್ದು ಇದು: ಲಸಿಕೆ ಹಾಕುವುದರಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಈ ವ್ಯಕ್ತಿಗೆ ಈ ಲಸಿಕೆ ಕೊಡಬಹುದಾ, ಹಿಂದಿನ ಡೋಸ್ ಯಾವಾಗ ಆಯ್ತು, ಅಲರ್ಜಿ ಇದೆಯಾ, ಗರ್ಭಿಣಿಯಾ ಎಂದು ನೋಡಿ ತೀರ್ಮಾನಿಸುವುದು ಒಂದು. ಸೂಜಿ ಚುಚ್ಚುವುದು ಇನ್ನೊಂದು. ಮೊದಲನೆಯದಕ್ಕೆ ವರ್ಷಗಟ್ಟಲೆ ಓದು ಬೇಕು. ಎರಡನೆಯದು ಕೈಕೆಲಸ, ಕಲಿಸಬಹುದು. ಅಮೆರಿಕದ ಕ್ಲಿನಿಕ್‌ಗಳಲ್ಲಿ ಮೆಡಿಕಲ್ ಅಸಿಸ್ಟೆಂಟರು ಇದನ್ನು ಮೊದಲಿನಿಂದಲೂ ಮಾಡುತ್ತಿದ್ದರು. ಕ್ಯಾಲಿಫೋರ್ನಿಯಾ ಅವರಿಗೆ 10 ಗಂಟೆಯ ಇಂಜೆಕ್ಷನ್ ತರಬೇತಿಯನ್ನು ಕಡ್ಡಾಯ ಮಾಡಿದೆ.

ಇದನ್ನು ಔಷಧಿ ಅಂಗಡಿಯಲ್ಲಿ ಮೊದಲು ಪರೀಕ್ಷಿಸಿದ್ದು ಐಡಹೊ ರಾಜ್ಯ. ವಾಷಿಂಗ್ಟನ್ ಸ್ಟೇಟ್ ಯೂನಿವರ್ಸಿಟಿಯವರು ಪಾಠ ಸಿದ್ಧ ಮಾಡಿದರು: ಮನೆಯಲ್ಲಿ 2 ಗಂಟೆ ಓದು, ಎದುರಿಗೆ 2 ಗಂಟೆ ಅಭ್ಯಾಸ. 2016ರ ಡಿಸೆಂಬರ್‌ನಿಂದ ಸುಮಾರು ಆರು ತಿಂಗಳಲ್ಲಿ 25 ಟೆಕ್ನಿಷಿಯನ್‌ಗಳು 953 ಲಸಿಕೆ ಹಾಕಿದರು. ತೊಂದರೆಯಾಯಿತೆಂದು ಒಂದೂ ವರದಿ ಬರಲಿಲ್ಲ. 2017ರಲ್ಲಿ ಐಡಹೊ ಇದಕ್ಕೆ ನಿಯಮದಲ್ಲೇ ಜಾಗ ಕೊಟ್ಟಿತು, ದೇಶದಲ್ಲೇ ಮೊದಲು.

ಇಲ್ಲಿ ಸ್ವಲ್ಪ ತಡೆದು ಯೋಚಿಸಬೇಕು. ಲಸಿಕೆಯಿಂದ ತೀವ್ರ ಅಲರ್ಜಿ ಆಗುವುದು ಹತ್ತು ಲಕ್ಷ ಡೋಸ್‌ಗೆ ಸುಮಾರು ಒಂದು. 953 ಡೋಸ್‌ನಲ್ಲಿ ಅದು ಕಾಣಿಸದಿದ್ದರೆ ಆಶ್ಚರ್ಯವೇನಿಲ್ಲ. ಹಾಗಾಗಿ ಈ ಪ್ರಯೋಗ ತೋರಿಸಿದ್ದು ಕೈಕೆಲಸ ಬರುತ್ತದೆ ಎನ್ನುವುದನ್ನು ಮಾತ್ರ. ಸುರಕ್ಷತೆ ಪೂರ್ತಿ ಸಾಬೀತಾಯಿತು ಎಂದರೆ ಅದು ಜಾಸ್ತಿಯಾಯಿತು.

ಆ ಕೈಕೆಲಸವಾದರೂ ಸುಮ್ನೆ ಚುಚ್ಚುವುದಲ್ಲ. ಭುಜದ ತುದಿಯ ಮೂಳೆಯನ್ನು ಬೆರಳಿಂದ ಮುಟ್ಟಿ ಗುರುತಿಸಬೇಕು. ಅಲ್ಲಿಂದ ಎರಡು ಮೂರು ಬೆರಳಷ್ಟು ಕೆಳಗೆ, ತೋಳಿನ ಸ್ನಾಯು ದಪ್ಪಗಿರುವ ಕಡೆ, ಸೂಜಿ ನೇರವಾಗಿ 90 ಡಿಗ್ರಿಯಲ್ಲಿ ಇಳಿಯಬೇಕು. ತೀರಾ ಮೇಲೆ ಚುಚ್ಚಿದರೆ ಔಷಧಿ ಭುಜದ ಕೀಲಿನ ಬಳಿ ಹೋಗಿ, ತಿಂಗಳುಗಟ್ಟಲೆ ಕೈ ಎತ್ತಲಾಗದ ನೋವು ಉಳಿಯಬಹುದು. ಅಮೆರಿಕ ಸರ್ಕಾರ 2017ರಲ್ಲಿ ಈ ಭುಜದ ಗಾಯವನ್ನು, ಲಸಿಕೆಯಿಂದ ತೊಂದರೆಯಾದವರಿಗೆ ಪರಿಹಾರ ಕೊಡುವ ಪಟ್ಟಿಗೆ ಸೇರಿಸಿತು. ಷರ್ಟಿನ ಕಾಲರ್ ಕೆಳಗೆಳೆದು ಭುಜ ತೋರಿಸುವವರಿಗೆ, ಬೇಡ, ಷರ್ಟಿನ ತೋಳನ್ನೇ ಮೇಲೆ ಮಡಚಿಕೊಳ್ಳಿ ಎಂದು ಹೇಳುವುದೂ ಈ ಕೆಲಸದ ಭಾಗವೇ. ಚುಚ್ಚಿದ ಸೂಜಿಗೆ ಮತ್ತೆ ಮುಚ್ಚಳ ಹಾಕಬಾರದು, ನೇರ ಗಟ್ಟಿ ಡಬ್ಬಿಗೆ ಹಾಕಬೇಕು.

ಐಡಹೊ ನಂತರ ಬೆರಳೆಣಿಕೆಯ ರಾಜ್ಯಗಳಷ್ಟೇ ಮುಂದೆ ಬಂದವು. ಎಲ್ಲ ಬದಲಾಗಿದ್ದು ಕೋವಿಡ್‌ನಿಂದ. 2020ರ ಅಕ್ಟೋಬರ್ 20ರಂದು ಕೇಂದ್ರ ಸರ್ಕಾರದ ಆರೋಗ್ಯ ಇಲಾಖೆ, ಪ್ರೆಪ್ ಆ್ಯಕ್ಟ್ ಎಂಬ ತುರ್ತು ಕಾನೂನಿನಡಿ, ದೇಶದ ಎಲ್ಲ ಕಡೆ ಅರ್ಹ ಟೆಕ್ನಿಷಿಯನ್‌ಗಳಿಗೆ ಅನುಮತಿ ಕೊಟ್ಟಿತು. 3 ವರ್ಷ ದಾಟಿದವರಿಗೆ ಕೋವಿಡ್ ಲಸಿಕೆ, 3ರಿಂದ 18 ವರ್ಷದವರಿಗೆ ಮಾಮೂಲಿ ಲಸಿಕೆಗಳು. ರಾಜ್ಯದ ನಿಯಮ ಬೇಡವೆಂದರೂ ಇದು ನಡೆಯುತ್ತಿತ್ತು. ಷರತ್ತುಗಳೂ ಇದ್ದವು: ಲಸಿಕೆ ಕೊಡಬೇಕೆಂದು ತೀರ್ಮಾನಿಸುವವರು ಫಾರ್ಮಸಿಸ್ಟೇ ಆಗಿರಬೇಕು, ಕರೆದ ತಕ್ಷಣ ಬರುವಷ್ಟು ಹತ್ತಿರ ಇರಬೇಕು. ಟೆಕ್ನಿಷಿಯನ್‌ಗೆ ಮಾನ್ಯತೆ ಪಡೆದ ತರಬೇತಿ, ಸಿಪಿಆರ್ (ಹೃದಯ ನಿಂತಾಗ ಎದೆ ಒತ್ತಿ ಉಸಿರು ಕೊಡುವ ತುರ್ತು ಚಿಕಿತ್ಸೆ) ಸರ್ಟಿಫಿಕೇಟ್ ಎರಡೂ ಇರಬೇಕು. 2021ರ ಆಗಸ್ಟ್‌ನಲ್ಲಿ ದೊಡ್ಡವರ ಫ್ಲೂ ಲಸಿಕೆಯೂ ಸೇರಿತು.

ಗಮನಿಸಿ, ತೀರ್ಮಾನ ಮತ್ತು ಕೈಕೆಲಸವನ್ನು ಬೇರೆ ಮಾಡಿದ ಐಡಹೊ ಸೂತ್ರವೇ ಇಲ್ಲೂ ಇರುವುದು. ಅಂಗಡಿಯಲ್ಲಿ ಜನ ಕಿಕ್ಕಿರಿದಾಗ ಆ ಗೆರೆ ಎಷ್ಟು ಗಟ್ಟಿಯಾಗಿ ಉಳಿಯುತ್ತದೆ ಎನ್ನುವುದೇ ನನಗಿರುವ ಅನುಮಾನ. ಫಾರ್ಮಸಿಸ್ಟ್ ಸ್ಕ್ರೀನ್ ಮೇಲೆ ಒಂದು ಕಣ್ಣು ಹಾಯಿಸಿ ಓಕೆ ಒತ್ತಿದರೆ ಅದೂ ತೀರ್ಮಾನವೇ, ಅಲ್ವಾ?

ಇನ್ನೊಂದು ವಿಷಯ ಸಂಬಳದ್ದು. 2023ರಲ್ಲಿ ಅಲ್ಲಿನ ಟೆಕ್ನಿಷಿಯನ್‌ನ ಮಧ್ಯಮ ವಾರ್ಷಿಕ ಸಂಬಳ ಸುಮಾರು 40 ಸಾವಿರ ಡಾಲರ್, ಫಾರ್ಮಸಿಸ್ಟರದು ಸುಮಾರು 1 ಲಕ್ಷ 36 ಸಾವಿರ. ಕೇಂದ್ರದ ನಿಯಮ ತರಬೇತಿಯ ಬಗ್ಗೆ ಹೇಳುತ್ತದೆ, ಕೂಲಿಯ ಬಗ್ಗೆ ಏನೂ ಹೇಳುವುದಿಲ್ಲ.

ಕೋವಿಡ್ ತುರ್ತುಸ್ಥಿತಿ 2023ರ ಮೇ ತಿಂಗಳಲ್ಲಿ ಮುಗಿಯಿತು. ಕೋವಿಡ್ ಮತ್ತು ಫ್ಲೂ ಲಸಿಕೆಯ ಅನುಮತಿ ಮಾತ್ರ ಮುಗಿಯಲಿಲ್ಲ. ಮೊದಲು 2024ರ ಕೊನೆಯವರೆಗೆ, ಆಮೇಲೆ 2029ರ ಡಿಸೆಂಬರ್ 31ರವರೆಗೆ ಅದನ್ನು ಮುಂದುವರಿಸಿದರು. ಈ ನಡುವೆ ಹಲವು ರಾಜ್ಯಗಳು ತಮ್ಮದೇ ಕಾನೂನು ಮಾಡಿಕೊಂಡಿವೆ. ಮಾಡಿಕೊಳ್ಳದ ಕಡೆ, ಕೇಂದ್ರ ಮತ್ತೆ ಅವಧಿ ವಿಸ್ತರಿಸದಿದ್ದರೆ, ಮರುದಿನದಿಂದ ಸಿರಿಂಜ್ ಮತ್ತೆ ಫಾರ್ಮಸಿಸ್ಟರ ಕೈಗೇ ವಾಪಸ್.