ಶೋರೀಲಿನಲ್ಲಿ ನಾನು ಮೊದಲು ನೋಡುವುದು ಕಪ್ಪು

ಕಾಂಪೋಸಿಟಿಂಗ್, ಅಂದರೆ ಸಿನಿಮಾದಲ್ಲಿ ಬೇರೆ ಬೇರೆ ಚಿತ್ರಗಳನ್ನು ಒಂದೇ ಶಾಟ್ ಆಗಿ ಬೆಸೆಯುವ ಕೆಲಸಕ್ಕೆ ಅರ್ಜಿ ಬಂದರೆ ನಾನು ಮೊದಲು ತೆರೆಯುವುದು ಶೋರೀಲ್, ಅವರು ಮಾಡಿದ ಶಾಟ್‌ಗಳನ್ನು ಆಯ್ದು ಜೋಡಿಸಿದ ವಿಡಿಯೋ. ರೆಸ್ಯೂಮೆ ಆಮೇಲೆ. ರೀಲಿನಲ್ಲಿ ಡ್ರ್ಯಾಗನ್ ಹಾರಲಿ, ಊರೇ ಉರಿಯಲಿ, ನನ್ನ ಕಣ್ಣು ಹೋಗುವುದು ನೆರಳಿನ ಕಡೆಗೆ. ಕ್ಯಾಮೆರಾದಲ್ಲಿ ಶೂಟ್ ಮಾಡಿದ ಮೂಲ ದೃಶ್ಯದ (ಪ್ಲೇಟ್‌ನ) ಕಪ್ಪೂ ಆಮೇಲೆ ಸೇರಿಸಿದ ವಸ್ತುವಿನ ಕಪ್ಪೂ ಒಂದಕ್ಕೊಂದು ಹೊಂದುತ್ತವಾ? ನೆರಳನ್ನು ಬೆಳಗಿಸಿ ತೋರಿಸುವ ಗ್ಯಾಮಾ ಸ್ವಲ್ಪ ಏರಿಸಿದರೆ ಸಾಕು, ಗುಟ್ಟು ಬಯಲು. ಚೆನ್ನಾಗಿ ಕೂತಿದೆ ಅನಿಸಿದ್ದ ವಸ್ತು ಕಾಗದ ಕತ್ತರಿಸಿ ಅಂಟಿಸಿದ ಹಾಗೆ ಎದ್ದು ಕಾಣುತ್ತದೆ.

ಆಮೇಲೆ ಅಂಚುಗಳು. ಕೂದಲಿನಲ್ಲಿ ಗ್ರೀನ್ ಸ್ಕ್ರೀನಿನ ಹಸಿರು ಉಳಿದಿದೆಯಾ, ಓಡುವ ಕಾಲಿಗೆ ಚಲನೆಯ ಮಸುಕು (ಮೋಷನ್ ಬ್ಲರ್) ಇದೆಯಾ ಎಂದು ನೋಡುತ್ತೇನೆ. ಕೊನೆಗೆ ಗ್ರೇನ್, ಚಿತ್ರದ ಮೇಲೆ ಕಾಣುವ ಸಣ್ಣ ಕಾಳು ಕಾಳು. ಚಿತ್ರದ ಕೆಂಪು, ಹಸಿರು, ನೀಲಿ ಬಣ್ಣದ ಚಾನೆಲ್‌ಗಳ ಪೈಕಿ ನೀಲಿಯಲ್ಲಿ ಅದು ಸಾಮಾನ್ಯವಾಗಿ ಜಾಸ್ತಿ ಇರುತ್ತದೆ. ಮೂರೂ ಚಾನೆಲ್‌ಗೆ ಒಂದೇ ಅಳತೆಯಲ್ಲಿ ಸುರಿದಿದ್ದರೆ ತಕ್ಷಣ ಗೊತ್ತಾಗುತ್ತದೆ.

ರೀಲ್ ಒಂದು ನಿಮಿಷವಿದ್ದರೂ ಸಾಕು. ಸುಮ್ನೆ ಉದ್ದ ಮಾಡಲು ಹೋಗಿ ಒಂದು ಸಾಧಾರಣ ಶಾಟ್ ಸೇರಿಸಿದರೆ ಉಳಿದದ್ದೆಲ್ಲ ಅದರ ಜೊತೆ ಮುಳುಗುತ್ತದೆ. ತಪ್ಪು ಯಾರು ಮಾಡಲ್ಲ? ಆದರೆ ಇವರಿಗೆ ಅದು ಕಾಣಲೇ ಇಲ್ಲವಲ್ಲ ಎಂಬ ಅನುಮಾನ ಬರುತ್ತದೆ. ಈ ಕೆಲಸದ ಸಾಫ್ಟ್‌ವೇರ್‌ಗಳಾದ ನ್ಯೂಕ್ ಆಗಲಿ ಹೌಡಿನಿ ಆಗಲಿ, ಕಲಿಯುವವರಿಗೆ ಉಚಿತ ಆವೃತ್ತಿಗಳಿವೆ. ಬ್ಲೆಂಡರ್ ಅಂತೂ ಪೂರ್ತಿ ಉಚಿತ. ಬಟನ್‌ಗಳನ್ನು ಯಾರು ಬೇಕಾದರೂ ಹೇಳಿಕೊಡಬಹುದು. ಕಣ್ಣು ಪಳಗಲು ವರ್ಷಗಳು ಬೇಕು.

ಶಾಟ್‌ನಲ್ಲಿ ನೀವು ಮಾಡಿದ್ದೇನು ಎಂದು ಬರೆಯಿರಿ. ಒಮ್ಮೆ ಇಬ್ಬರು ಒಂದೇ ಶಾಟ್ ಕಳಿಸಿದ್ದರು. ಒಬ್ಬರು 'ಕಾಂಪೋಸಿಟಿಂಗ್' ಎಂದಷ್ಟೇ ಬರೆದಿದ್ದರು. ಇನ್ನೊಬ್ಬರು 'ತಂತಿ ಅಳಿಸಿದ್ದು ಮಾತ್ರ ನಾನು' ಎಂದು ಬರೆದು, ತಂತಿಯ ಹಿಂದಿನ ಗೋಡೆಯನ್ನು ಹೇಗೆ ಮತ್ತೆ ಕಟ್ಟಿದೆ ಎಂದು ಹಂತ ಹಂತವಾಗಿ ತೋರಿಸಿದ್ದರು. ಅವರನ್ನೇ ತೆಗೆದುಕೊಂಡೆವು. ಹಾಂ, ಇನ್ನೂ ಬಿಡುಗಡೆಯಾಗದ ಚಿತ್ರದ ಶಾಟ್ ಹಾಕಬೇಡಿ. ಗುಟ್ಟು ಕಾಯುತ್ತೇನೆ ಎಂದು ಸಹಿ ಹಾಕಿರುತ್ತೀರಿ, ಅಲ್ವಾ? ಅಲ್ಲಿ ಮುರಿದವರು ಇಲ್ಲೂ ಮುರಿಯುತ್ತಾರೆ ಎಂದೇ ಎಲ್ಲರ ಲೆಕ್ಕ.

ಹೊಸಬರಿಗೆ ಹೆಚ್ಚಾಗಿ ಬಾಗಿಲು ತೆರೆಯುವುದು ರೋಟೋ (ವಸ್ತುವಿನ ಅಂಚಿನ ಸುತ್ತ ಆಕಾರ ಬರೆದು ಅದನ್ನು ಬೇರ್ಪಡಿಸುವುದು), ಪೇಂಟ್ (ಬೇಡದ್ದನ್ನು ಅಳಿಸುವುದು), ಮ್ಯಾಚ್‌ಮೂವ್ (ಕ್ಯಾಮೆರಾದ ಚಲನೆಯನ್ನು ಕಂಪ್ಯೂಟರಿನಲ್ಲಿ ಹೊಂದಿಸುವುದು). ಇವನ್ನು ಕೂಲಿ ಕೆಲಸ ಎಂದು ಮೂಗು ಮುರಿಯುವವರಿದ್ದಾರೆ. ನನಗೆ ಆ ಮಾತು ಹಿಡಿಸಲ್ಲ. ಸೆಕೆಂಡಿಗೆ 24 ಫ್ರೇಮಿನಂತೆ ನಾಲ್ಕು ಸೆಕೆಂಡಿನ ಶಾಟ್ ಎಂದರೆ 96 ಫ್ರೇಮ್. ರೋಟೋ ಟೆಸ್ಟ್ ಕೊಟ್ಟಾಗ ಕೆಲವರು 96ಕ್ಕೂ ಕೀ ಹಾಕುತ್ತಾರೆ, ಅಂದರೆ ಪ್ರತಿ ಫ್ರೇಮಿನಲ್ಲೂ ಆಕಾರವನ್ನು ಕೈಯಿಂದ ಹೊಂದಿಸುತ್ತಾರೆ. ಅಂಚು ನಡುಗುತ್ತದೆ. ಬಲ್ಲವರು ತೋಳು, ಮುಂಗೈ, ಬೆರಳುಗಳಿಗೆ ಬೇರೆ ಬೇರೆ ಆಕಾರ ಬರೆದು, ಚಲನೆ ತಿರುಗುವ ಕಡೆ ಮಾತ್ರ ಕೀ ಹಾಕುತ್ತಾರೆ. ಆ ಫೈಲ್ ತೆರೆದರೆ ಅವರು ದೇಹವನ್ನು ಹೇಗೆ ನೋಡಿದ್ದಾರೆ ಎಂಬುದೇ ಕಾಣುತ್ತದೆ.

ಸಂದರ್ಶನಕ್ಕೆ ಬಂದವರದೇ ಶಾಟ್ ಹಾಕಿ ಒಂದು ತಪ್ಪು ಎತ್ತಿ ಹೇಳುತ್ತೇನೆ. ಕೆಲವರು ಅದನ್ನು ರೆಂಡರ್ (ಕಂಪ್ಯೂಟರ್ ಚಿತ್ರ ತಯಾರಿಸುವ ಹಂತ) ಮೇಲೆ ಹಾಕುತ್ತಾರೆ, ಕೆಲವರು ಡೆಡ್‌ಲೈನ್ ಮೇಲೆ. 'ಯಾವ ಫ್ರೇಮ್?' ಎಂದು ಕೇಳಿ ಕುರ್ಚಿ ಮುಂದಕ್ಕೆ ಎಳೆದುಕೊಂಡವರ ಜೊತೆ ನನ್ನ ಮಾತು ಒಂದು ಗಂಟೆ ಮೀರುತ್ತದೆ.