ಸಜ್ಜದಿಂದ ಇಳಿಸಿದ್ದು ಎಲ್ಲಿಗೆ ಹೋಗಬೇಕು?

ಬಸವನಗುಡಿಯ ಒಂದು ಹಳೇ ಮನೆ. ಕೆಡವಿ ಅಪಾರ್ಟ್‌ಮೆಂಟ್ ಕಟ್ಟಲು ಬಿಲ್ಡರ್‌ಗೆ ಕೊಟ್ಟಿದ್ದರು. ಎಪ್ಪತ್ತೆಂಟು ವರ್ಷದ ಅಮ್ಮ ಮಗಳ ಎರಡು ರೂಮಿನ ಫ್ಲ್ಯಾಟ್‌ಗೆ ಹೋಗಬೇಕು, ಕೈಯಲ್ಲಿರುವುದು ಇಪ್ಪತ್ತು ದಿನ. ಮನೆ ಖಾಲಿ ಮಾಡಿಸಿಕೊಡುವುದೇ ನನ್ನ ಕೆಲಸ. ನಾನು ಹೋಗುವಷ್ಟರಲ್ಲಿ ಮಗಳು ಸಜ್ಜದ ಮೇಲಿದ್ದದ್ದನ್ನೆಲ್ಲ ಇಳಿಸಿ ಹಾಲ್ ತುಂಬ ಹರಡಿಬಿಟ್ಟಿದ್ದರು. ಹಿತ್ತಾಳೆ ಹಂಡೆ, ಹದಿನೇಳು ಹಾರ್ಲಿಕ್ಸ್ ಬಾಟಲಿ, ಎರಡು ಹತ್ತಿ ಹಾಸಿಗೆ, ಡಬ್ಬದಂಥ ಟಿವಿ, ದೇವರ ಫೋಟೊಗಳು, ಯಾರದೋ ಮದುವೆ ಆಲ್ಬಮ್. ಕಾಲಿಡಲು ಜಾಗ ಇಲ್ಲ. ಅಮ್ಮ ಮೂಲೆಯ ಕುರ್ಚಿಯಲ್ಲಿ ಕೂತು ಒಂದೊಂದಕ್ಕೂ, "ಅದು ಇರ್ಲಿ ಬಿಡೇ, ಬೇಕಾಗುತ್ತೆ" ಅನ್ನುತ್ತಿದ್ದರು.

ಬಹಳ ಮನೆಗಳಲ್ಲಿ ಆಗುವ ತಪ್ಪು ಇದೇ. ಮೊದಲು ಇಳಿಸುತ್ತಾರೆ, ಆಮೇಲೆ ಎಲ್ಲಿಗೆ ಕಳಿಸುವುದು ಅಂತ ಯೋಚಿಸುತ್ತಾರೆ. ಎರಡು ದಿನಕ್ಕೆ ಸುಸ್ತು. ಮೂರನೇ ದಿನ ಅರ್ಧ ಮತ್ತೆ ಸಜ್ಜಕ್ಕೆ, ಇನ್ನರ್ಧ ರಾತ್ರೋರಾತ್ರಿ ಯಾರದೋ ಖಾಲಿ ಸೈಟಿಗೆ. ನಾನು ಉಲ್ಟಾ ಮಾಡಿಸುತ್ತೇನೆ. ಮೊದಲು ತಗೊಳ್ಳುವವರಿಗೆ ಫೋನ್ ಮಾಡಿ, ಯಾವ ದಿನ ಬರುತ್ತಾರೆ ಕೇಳಿ, ಆ ದಿನಕ್ಕೆ ಎಷ್ಟು ಬೇಕೋ ಅಷ್ಟನ್ನೇ ಇಳಿಸಿ. ಬಟ್ಟೆಯವರು ಬರುವ ದಿನ ಬೀರು ತೆಗೆಯಿರಿ, ಗುಜರಿಯವರು ಬರುವ ದಿನ ಕಬ್ಬಿಣ ಮತ್ತು ಪೇಪರ್. ಇದರಲ್ಲಿ ಇನ್ನೊಂದು ಲಾಭ ಇದೆ. "ಇದು ಬೇಕಾ, ಬೇಡವಾ" ಅಂತ ಕೇಳಿದರೆ ಯಾವ ಅಮ್ಮನೂ ಬೇಡ ಅನ್ನುವುದಿಲ್ಲ. "ಇದನ್ನ ಯಾರಿಗೆ ಕೊಡೋಣ ಅಮ್ಮ" ಅಂತ ಕೇಳಿ ನೋಡಿ, ಮಾತಿನ ದಾರಿಯೇ ಬೇರೆ.

ಕೊಡುವ ವಿಷಯ ಬಂದರೆ ನನ್ನದೇ ತಪ್ಪು ಹೇಳಬೇಕು. ಈ ಕೆಲಸಕ್ಕೆ ಇಳಿದ ಹೊಸದರಲ್ಲಿ ಒಂದು ಮನೆಯ ಹನ್ನೆರಡು ಮೂಟೆ ಬಟ್ಟೆಯನ್ನು, ಒಂದು ಫೋನೂ ಮಾಡದೆ, ವೃದ್ಧಾಶ್ರಮವೊಂದರ ಬಾಗಿಲಲ್ಲಿ ಇಳಿಸಿ ಬಂದಿದ್ದೆ. ಪುಣ್ಯ ಕಟ್ಟಿಕೊಂಡೆ ಅಂತ ಖುಷಿ ಬೇರೆ. ತಿಂಗಳಾದ ಮೇಲೆ ಇನ್ನೇನೋ ಕೆಲಸಕ್ಕೆ ಹೋದಾಗ ನೋಡಿದರೆ, ಅದೇ ಮೂಟೆಗಳು ಹಿಂದಿನ ಶೆಡ್ಡಿನಲ್ಲಿ ಮಳೆಗೆ ನೆಂದು, ಮುಗ್ಗಲು ವಾಸನೆ ಹೊಡೆಯುತ್ತ ಕೂತಿವೆ. ಅಲ್ಲಿನ ಆಯಾ ಬೈಯಲಿಲ್ಲ, ಪಾಪ. "ಇಲ್ಲಿರೋ ಅಜ್ಜೀರು ಜರಿ ಸೀರೆ ಉಟ್ಕೊಂಡು ಎಲ್ಲಿಗೆ ಹೋಗ್ತಾರೆ ಮೇಡಂ? ನೈಟಿ ಇದ್ರೆ ಕೊಡಿ, ಬೆಡ್‌ಶೀಟ್ ಕೊಡಿ. ಹಳೇ ಕಾಟನ್ ಸೀರೆ ಆದ್ರೆ ಹರಿದು ಒರೆಸೋಕಾಗುತ್ತೆ" ಅಂದರು. ಅವತ್ತಿನಿಂದ ಕೇಳದೆ ನಾನು ಒಂದು ಟವಲ್ಲನ್ನೂ ಕಳಿಸಿಲ್ಲ.

ಗೂಂಜ್ ಸಂಸ್ಥೆಯ ಹೆಸರು ಕೇಳಿರಬಹುದು. 1999ರಲ್ಲಿ ಶುರುವಾಯಿತು, ಅದರ ಸ್ಥಾಪಕ ಅಂಶು ಗುಪ್ತಾ ಅವರಿಗೆ 2015ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯೂ ಬಂತು. ಅವರ ಪದ್ಧತಿ ನನಗೆ ಇಷ್ಟ. ಹಳ್ಳಿಯ ಜನ ಬಾವಿ ತೋಡುತ್ತಾರೆ, ರಸ್ತೆ ಸರಿ ಮಾಡುತ್ತಾರೆ, ಆ ದುಡಿಮೆಗೆ ಬಟ್ಟೆ ಸಾಮಾನು ಪಡೆಯುತ್ತಾರೆ. ಅಂದರೆ ನೀವು ಕೊಟ್ಟ ಪ್ಯಾಂಟು ಒಬ್ಬರ ಕೂಲಿ. ಜಿಪ್ ಕಿತ್ತಿರುವ ಕೂಲಿ ಯಾರಿಗೆ ಬೇಕು, ಅಲ್ವಾ? ಹರಿದ ಕಾಟನ್ ಕೂಡ ಅಲ್ಲಿ ಸುಮ್ನೆ ಹೋಗುವುದಿಲ್ಲ, ಮುಟ್ಟಿನ ಪ್ಯಾಡ್ ಆಗುತ್ತದೆ. ಹಾಗಂತ ಒಗೆಯದೆ ಕೊಡಬೇಡಿ.

ರೇಷ್ಮೆ ಸೀರೆಯ ಲೆಕ್ಕ ಬೇರೆ. "ಹಳೇ ರೇಷ್ಮೆ ಸೀರೆ ಕೊಳ್ಳುತ್ತೇವೆ" ಅಂತ ಬೋರ್ಡ್ ಹಾಕಿರುವವರು ಸೀರೆ ಉಡಲು ಕೊಳ್ಳುವುದಿಲ್ಲ. ಜರಿಯನ್ನು ಸುಟ್ಟು ಕರಗಿಸಿ ಬೆಳ್ಳಿ ತೆಗೆಯುತ್ತಾರೆ. ಅಂಚಿನ ಒಂದೆಳೆ ಬಿಡಿಸಿ ಉಗುರಿನಿಂದ ಕೆರೆದು ನೋಡಿ. ಚಿನ್ನದ ಬಣ್ಣದ ಕೆಳಗೆ ಲೋಹ ಬಿಳಿ ಕಂಡರೆ ಬೆಳ್ಳಿ, ಲೋಹವೇ ಕೆಂಪಗೆ ಕಂಡರೆ ತಾಮ್ರ, ಬರೀ ಪ್ಲಾಸ್ಟಿಕ್ಕಿನ ಹಾಗೆ ಸುಲಿದು ಬಂದರೆ ಆಸೆ ಬಿಡಿ. ಸರ್ಕಾರಿ ಮೈಸೂರು ಸಿಲ್ಕ್‌ನ ಜರಿಯಲ್ಲಿ ಶೇ. 65ರಷ್ಟು ಬೆಳ್ಳಿ, ಶೇ. 0.65ರಷ್ಟು ಚಿನ್ನ ಇರುತ್ತದೆ. ಬಸವನಗುಡಿಯ ಅಮ್ಮನ ಸೀರೆಗಳು ಮಡಿಕೆಯಲ್ಲೇ ಸೀಳಿದ್ದವು, ಉಡುವ ಹಾಗಿರಲಿಲ್ಲ. ಮೊದಲ ಅಂಗಡಿಯವನು ಹೇಳಿದ ಬೆಲೆಗೂ ಮೂರನೆಯವನು ಕೊಟ್ಟ ಬೆಲೆಗೂ ಎರಡು ಪಟ್ಟು ವ್ಯತ್ಯಾಸ. ಒಂದೇ ಕಡೆ ಕೇಳಿ ಕೊಟ್ಟುಬಿಡಬೇಡಿ.

ಫ್ರಿಜ್ಜು, ಸೋಫಾ, ಸೈಕಲ್ ಆನ್‌ಲೈನ್‌ನಲ್ಲಿ ಮಾರಬಹುದು. ಒಂದೇ ಎಚ್ಚರಿಕೆ. ಕೊಳ್ಳುವವನು "ದುಡ್ಡು ಕಳಿಸ್ತೀನಿ, ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಹಾಕಿ" ಅಂದರೆ ಅವನು ಕಳ್ಳ. ಯುಪಿಐಯಲ್ಲಿ ದುಡ್ಡು ಬರಲು ಪಿನ್ ಬೇಕಾಗಿಲ್ಲ, ಹೋಗಲು ಮಾತ್ರ ಬೇಕು.

ಗುಜರಿಯವರ ಹತ್ತಿರ ಕಬ್ಬಿಣಕ್ಕಿಂತ ಅಲ್ಯೂಮಿನಿಯಂಗೆ ರೇಟು ಜಾಸ್ತಿ, ಅದಕ್ಕಿಂತ ಹಿತ್ತಾಳೆಗೆ, ಎಲ್ಲಕ್ಕಿಂತ ಮೇಲೆ ತಾಮ್ರ. ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿದರೆ ಕಬ್ಬಿಣದ ರೇಟೇ ಕೊಡುತ್ತಾರೆ, ಆದ್ದರಿಂದ ಬೇರೆ ಮಾಡಿಡಿ. ಸಾಮಾನು ತೂಗುವ ಒಂದು ಚಿಕ್ಕ ಡಿಜಿಟಲ್ ಕೊಕ್ಕೆ ತಕ್ಕಡಿ ನನ್ನ ಬ್ಯಾಗಿನಲ್ಲೇ ಇರುತ್ತದೆ. ಅದನ್ನು ತೆಗೆದ ಕೂಡಲೇ ಅವರ ತಕ್ಕಡಿಯೂ ಸರಿಯಾಗಿ ತೂಗಲು ಶುರುಮಾಡುತ್ತದೆ! ಬೈದುಕೊಂಡು ಹೇಳುತ್ತಿಲ್ಲ. ಮನೆಮನೆ ಸುತ್ತುವ ಇವರು, ಕಾಟನ್‌ಪೇಟೆ ಹತ್ತಿರದ ಜಾಲಿ ಮೊಹಲ್ಲಾದ ಸಗಟು ಗುಜರಿ ವ್ಯಾಪಾರಿಗಳು ಇಲ್ಲದಿದ್ದರೆ ಬೆಂಗಳೂರು ಎಂದೋ ಕಸದಲ್ಲಿ ಮುಳುಗಿರುತ್ತಿತ್ತು. ಅವರು ಬೇಡ ಅನ್ನುವ ಪ್ಲಾಸ್ಟಿಕ್, ಗಾಜುಗಳಿಗೆ ವಾರ್ಡಿನ ಒಣ ಕಸ ಸಂಗ್ರಹ ಕೇಂದ್ರ ಇದೆ. ಹಿಂದೆ ಬೀದಿಯಲ್ಲಿ ಚಿಂದಿ ಆಯುತ್ತಿದ್ದವರೇ, ಹಸಿರು ದಳ ಎಂಬ ಸಂಸ್ಥೆಯ ಬೆಂಬಲದಿಂದ, ಇಂಥ ಹಲವು ಕೇಂದ್ರಗಳನ್ನು ನಡೆಸುತ್ತಿದ್ದಾರೆ.

ಪೇಪರ್ ಹಾಕುವ ಮೊದಲು ಒಮ್ಮೆ ಕೆದಕಿ ನೋಡಿ. ಒಂದು ಸಂಜೆ ಗಾಂಧಿ ಬಜಾರಿನಲ್ಲಿ ಕಡ್ಲೆಕಾಯಿ ತಗೊಂಡರೆ, ಪೊಟ್ಟಣದ ಒಳಗೆ ಯಾರದೋ ಬ್ಯಾಂಕ್ ಪಾಸ್‌ಬುಕ್‌ನ ಜೆರಾಕ್ಸ್ ಇತ್ತು, ಸಹಿ ಸಮೇತ.

ಆದರೆ ಟಿವಿಯನ್ನು ಮಾತ್ರ ಗುಜರಿಗೆ ಹಾಕಬೇಡಿ. ಹಳೇ ಡಬ್ಬ ಟಿವಿಯ ಪಿಕ್ಚರ್ ಟ್ಯೂಬಿನ ಕುತ್ತಿಗೆಗೆ ತಾಮ್ರದ ಸುರುಳಿ ಇರುತ್ತದೆ. ಅದೊಂದಕ್ಕಾಗಿ ಸುತ್ತಿಗೆಯಲ್ಲಿ ಒಂದೇಟು ಹಾಕುತ್ತಾರೆ, ಸುರುಳಿ ಚೀಲಕ್ಕೆ, ಗಾಜು ರಾಜಕಾಲುವೆಗೆ. ಆ ಗಾಜಿನಲ್ಲಿ ಸೀಸ ಇದೆ. ಫ್ರಿಜ್ಜಿನ ಕಂಪ್ರೆಸರ್ ಕೀಳುವಾಗಲೂ ಹೀಗೆಯೇ, ಒಳಗಿನ ಗ್ಯಾಸ್ ಪೂರ್ತಿ ಗಾಳಿಗೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಹೊಸ ಇ-ತ್ಯಾಜ್ಯ ನಿಯಮದಂತೆ ಇವುಗಳನ್ನು ನೋಂದಣಿ ಇರುವ ಮರುಬಳಕೆದಾರರ ಮೂಲಕ ಮರುಬಳಕೆ ಮಾಡಿಸುವ ಹೊಣೆ ತಯಾರಕರ ಮೇಲೂ ಇದೆ. ನಮಗಂತೂ ದೂರ ಹೋಗಬೇಕಿಲ್ಲ, ದೇಶದ ಮೊದಮೊದಲ ಇ-ತ್ಯಾಜ್ಯ ಘಟಕಗಳಲ್ಲಿ ಒಂದಾದ ಇ-ಪರಿಸರ ಇಲ್ಲೇ ದಾಬಸ್‌ಪೇಟೆಯಲ್ಲಿದೆ. ದುಡ್ಡು ಕಡಿಮೆ ಸಿಗಬಹುದು, ಸಿಗದೆಯೂ ಇರಬಹುದು. ಹಳೇ ಮೊಬೈಲ್ ಕೊಡುವ ಮೊದಲು ಸಿಮ್ ತೆಗೆದು, ಅಕೌಂಟುಗಳಿಂದ ಲಾಗೌಟ್ ಆಗಿ, ರೀಸೆಟ್ ಮಾಡಿ.

ಹತ್ತಿ ಹಾಸಿಗೆಯನ್ನು ಎಸೆಯುವುದಕ್ಕೆ ನಾನು ಬಿಡುವುದಿಲ್ಲ. ಗಂಟು ಕಟ್ಟಿದ ಹತ್ತಿಯನ್ನು ಎಕ್ಕಿ ಹೊಸ ಬಟ್ಟೆ ಹೊಲಿಸಿದರೆ ದಿಂಬಾಗುತ್ತದೆ, ಮತ್ತೆ ಹಾಸಿಗೆಯಾಗುತ್ತದೆ. ಫೋಮ್ ಹಾಸಿಗೆ ಮಾತ್ರ ಯಾರಿಗೂ ಬೇಡ. ಕೊಳ್ಳುವಾಗ ಇದನ್ನು ಯಾವ ಅಂಗಡಿಯವರೂ ಹೇಳುವುದಿಲ್ಲ.

ದೇವರ ಫೋಟೊಗಳನ್ನು ಜನ ಅಶ್ವತ್ಥಕಟ್ಟೆಯಲ್ಲಿಟ್ಟು ಹಿಂದೆ ನೋಡದೆ ಬರುತ್ತಾರೆ. ಬಿಸಿಲು, ಮಳೆ, ನಾಯಿ, ಆಮೇಲೆ ಪೌರಕಾರ್ಮಿಕರ ಕೈಗೆ ಒಡೆದ ಗಾಜು. ಬಸವನಗುಡಿಯಲ್ಲಿ ಅಮ್ಮನೇ ಕೂತು ಮಾಡಿದರು. ದೀಪ ಹಚ್ಚಿ, ನಮಸ್ಕಾರ ಮಾಡಿ, ಫ್ರೇಮ್ ಬಿಚ್ಚಿದರು. ಕಟ್ಟು ಒಂದು ಕಡೆ, ಗಾಜನ್ನು ಪೇಪರಿನಲ್ಲಿ ಸುತ್ತಿ ಇನ್ನೊಂದು ಕಡೆ. ಚಿತ್ರದ ಕಾಗದವನ್ನು ಬಕೆಟ್ ನೀರಿನಲ್ಲಿ ನೆನೆಸಿ, ಮಾರನೇ ದಿನ ದಾಸವಾಳದ ಬುಡದಲ್ಲಿ ಹೂತರು. "ಕೆರೇಲಿ ಬಿಡೋದಕ್ಕಿಂತ ಇದೇ ವಾಸಿ ಕಣಮ್ಮ" ಅಂದರು.

ಹಂಡೆ ತಮ್ಮನ ಮನೆಗೆ ಹೋಯಿತು. ಬಾಟಲಿಗಳು ಉಪ್ಪಿನಕಾಯಿ ಮಾರುವ ಪಕ್ಕದ ಬೀದಿಯವರಿಗೆ. ಉಳಿದದ್ದು ಆ ಮದುವೆ ಆಲ್ಬಮ್ ಒಂದೇ. ಬೆಲ್‌ಬಾಟಮ್ ಹಾಕಿದ ಗಂಡು, ತಲೆ ಎತ್ತದ ಹೆಣ್ಣು. ಅಮ್ಮನಿಗೂ ಗುರುತು ಹತ್ತಲಿಲ್ಲ, ಮಹಡಿಯಲ್ಲಿ ಬಾಡಿಗೆಗಿದ್ದವರದ್ದಿರಬೇಕು ಅಂದರು. ಅವರು ಊರು ಬಿಟ್ಟು ಎಷ್ಟು ವರ್ಷವಾಯಿತೋ. ಈಗ ಅದು ನನ್ನ ಮನೆಯ ಸಜ್ಜದ ಮೇಲಿದೆ.